ಬಾಣಂತಿಯರ ಸ್ತನದ ಉರಿಯೂತಕ್ಕೆ ಪ್ರೋಬಯಾಟಿಕ್: ಸ್ಪೇನಿನ ಅನುಭವದಿಂದ ವರ್ತಕರು ಅರಿಯಬೇಕಾದ ಅಂಶಗಳು

ಹೆರಿಗೆಯಾದ ತಾಯಂದಿರಿಗಾಗಿಯೇ ತಯಾರಿಸಿದುದೆಂದು ಹೇಳಿಕೊಳ್ಳುವ ಪೂರಕ ಆಹಾರಗಳು ಔಷಧದ ಅಂಗಡಿಗಳಲ್ಲಿಯೂ ಅಂತರ್ಜಾಲದ ಮಾರಾಟ ಮಳಿಗೆಗಳಲ್ಲಿಯೂ ಈಗ ಸಾಮಾನ್ಯವಾಗಿ ಕಾಣಸಿಗುತ್ತವೆ. ಅವುಗಳ ಪೈಕಿ ಪ್ರೋಬಯಾಟಿಕ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಕ್ಯಾಪ್ಸೂಲು ಹಾಗೂ ಪುಡಿಗಳದ್ದು ವಿಶಿಷ್ಟವಾದ ವರ್ಗ. ಇವುಗಳಲ್ಲಿರುವ ಮುಖ್ಯ ಪದಾರ್ಥ ಜೀವಂತ ಸೂಕ್ಷ್ಮಾಣು. ಹಾಲುಣಿಸುವ ತಾಯಂದಿರನ್ನು ಕಾಡುವ ಸ್ತನದ ಉರಿಯೂತವನ್ನು, ಅಂದರೆ ವೈದ್ಯರು ಮ್ಯಾಸ್ಟೈಟಿಸ್ ಎಂದು ಕರೆಯುವ ತೊಂದರೆಯನ್ನು, ಇಂತಹ ಸೂಕ್ಷ್ಮಾಣುಗಳ ಸೇವನೆಯಿಂದ ಹತೋಟಿಗೆ ತರಬಹುದೇ ಎಂಬ ವಿಷಯದಲ್ಲಿ ಸ್ಪೇನ್ ದೇಶದಲ್ಲಿ ಗಣನೀಯ ಸಂಶೋಧನೆ ನಡೆದಿದೆ. ಆ ಸಂಶೋಧನೆಯಿಂದ ಸರಕುಗಳೂ ಹುಟ್ಟಿವೆ, ವಿವಾದಗಳೂ ಹುಟ್ಟಿವೆ.

ವಾಣಿಜ್ಯ ಸಂಸ್ಥೆಯ ಪತ್ರಿಕೆಯಲ್ಲಿ ಈ ವಿಷಯವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಪೂರಕ ಆಹಾರಗಳನ್ನು ತಯಾರಿಸುವ, ಪೊಟ್ಟಣ ಕಟ್ಟಿಕೊಡುವ, ಸಗಟಾಗಿ ಹಂಚುವ ಮತ್ತು ಚಿಲ್ಲರೆಯಾಗಿ ಮಾರುವ ಉದ್ಯಮಗಳಲ್ಲಿ ಬಹುಪಾಲು ಸಣ್ಣ ಪ್ರಮಾಣದವು. ಇಂತಹ ಸರಕಿನ ಮೇಲೆ ಏನನ್ನು ಬರೆಯಬಹುದು, ಗ್ರಾಹಕರಿಗೆ ಏನನ್ನು ಹೇಳಬಹುದು ಎಂಬ ಪ್ರಶ್ನೆ ಅವರಿಗೆ ನಿತ್ಯವೂ ಎದುರಾಗುತ್ತದೆ. ಡಬ್ಬಿಯ ಮೇಲಿನ ಮಾತನ್ನು ನಂಬಿ ಬಾಣಂತಿಯೊಬ್ಬಳು ವೈದ್ಯರ ಬಳಿಗೆ ಹೋಗುವುದನ್ನು ನಾಲ್ಕು ದಿನ ಮುಂದೂಡಿದರೆ ಆಗುವ ಹಾನಿ ಸಣ್ಣದಲ್ಲ. ಆದುದರಿಂದ ರೋಗದ ಸ್ವರೂಪ, ಪ್ರಯೋಗಗಳ ಫಲಿತಾಂಶ, ಅವುಗಳ ಮಿತಿ ಹಾಗೂ ನಮ್ಮ ದೇಶದ ಕಾನೂನಿನ ಚೌಕಟ್ಟು, ಈ ನಾಲ್ಕನ್ನೂ ಇಲ್ಲಿ ಕ್ರಮವಾಗಿ ಪರಿಶೀಲಿಸಲಾಗಿದೆ.

ರೋಗದ ಸ್ವರೂಪ

ಹಸು ಎಮ್ಮೆಗಳಿಗೆ ಬರುವ ಕೆಚ್ಚಲು ಬಾವು ನಮ್ಮ ರೈತರಿಗೆಲ್ಲ ಪರಿಚಿತ. ಮನುಷ್ಯರಲ್ಲಿ ಅದಕ್ಕೆ ಹೋಲುವ ತೊಂದರೆಯೇ ಸ್ತನದ ಉರಿಯೂತ. ಹೆರಿಗೆಯ ನಂತರದ ಮೊದಲ ಕೆಲವು ವಾರಗಳಲ್ಲಿ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಸ್ತನದ ಒಂದು ಭಾಗ ಗಟ್ಟಿಯಾಗಿ, ಕೆಂಪೇರಿ, ಬಿಸಿಯಾಗಿ ನೋಯುತ್ತದೆ. ಜ್ವರ, ಚಳಿ, ಮೈಕೈ ನೋವು ಜೊತೆಗೂಡುವುದುಂಟು. ನೋವು ತಾಳಲಾರದೆ ಹಾಲುಣಿಸುವುದನ್ನೇ ನಿಲ್ಲಿಸುವ ತಾಯಂದಿರೂ ಇದ್ದಾರೆ. ಅಲಕ್ಷಿಸಿದಲ್ಲಿ ಕೀವುಗಟ್ಟಿ ಕುರುವಾಗುವ ಸಂಭವವಿದ್ದು, ಆಗ ಸೂಜಿಯಿಂದ ಕೀವನ್ನು ಹೊರತೆಗೆಯಬೇಕಾಗುತ್ತದೆ ಅಥವಾ ಶಸ್ತ್ರಚಿಕಿತ್ಸೆ ಅನಿವಾರ್ಯವಾಗುತ್ತದೆ.

ಹಾಲು ಗಟ್ಟಿ ನಾಳ ಕಟ್ಟಿಕೊಂಡಿದೆ, ಬಿಸಿ ಶಾಖ ಕೊಟ್ಟು ಬಲವಾಗಿ ಒತ್ತಿ ಹಾಲನ್ನೆಲ್ಲ ಹಿಂಡಿ ತೆಗೆಯಬೇಕು ಎಂಬುದು ಬಹುಕಾಲದಿಂದ ನಡೆದುಬಂದ ಸಲಹೆ. ಅಮೆರಿಕದಲ್ಲಿ ನೆಲೆಸಿರುವ ‘ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್’ ಎಂಬ ವೈದ್ಯರ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ಪರಿಷ್ಕೃತ ಮಾರ್ಗಸೂಚಿಯಲ್ಲಿ ಈ ತಿಳಿವಳಿಕೆಯನ್ನು ಬದಲಾಯಿಸಿದೆ. ಅದರ ಪ್ರಕಾರ ಉರಿಯೂತವು ಒಂದೇ ರೋಗವಲ್ಲ. ನಾಳಗಳು ಊತದಿಂದ ಕಿರಿದಾಗುವ ಹಂತದಿಂದ ಆರಂಭಿಸಿ, ಸೋಂಕಿಲ್ಲದ ಉರಿಯೂತ, ಬ್ಯಾಕ್ಟೀರಿಯಾ ಸೋಂಕು, ಕುರು, ಹೀಗೆ ಹಂತಹಂತವಾಗಿ ಬೆಳೆಯಬಲ್ಲ ಸ್ಥಿತಿ ಅದು. ಬಲವಾದ ಮಾಲೀಸು ಮತ್ತು ಮಿತಿಮೀರಿ ಹಾಲು ಹಿಂಡುವುದರಿಂದ ಊತ ಹೆಚ್ಚುತ್ತದೆಂದು ಹೇಳಿ, ಮಗುವಿಗೆ ಬೇಕಾದಷ್ಟೇ ಹಾಲುಣಿಸುವುದು, ತಣ್ಣನೆಯ ಪಟ್ಟಿ, ವಿಶ್ರಾಂತಿ ಹಾಗೂ ವೈದ್ಯರು ಸೂಚಿಸುವ ನೋವುನಿವಾರಕಗಳಿಗೆ ಅದು ಮೊದಲ ಸ್ಥಾನ ನೀಡಿದೆ. ಬ್ಯಾಕ್ಟೀರಿಯಾ ಸೋಂಕು ಖಚಿತವಾದಾಗ ಆ್ಯಂಟಿಬಯಾಟಿಕ್ ಔಷಧಗಳೇ ಚಿಕಿತ್ಸೆ. ಈ ಸೋಂಕಿಗೆ ಸಾಮಾನ್ಯವಾಗಿ ಕಾರಣವಾಗುವುದು ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಸೂಕ್ಷ್ಮಾಣು.

ಪ್ರೋಬಯಾಟಿಕ್ ವಿಷಯವನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕು. ಅದೇ ಮಾರ್ಗಸೂಚಿಯು ನಿರ್ದಿಷ್ಟ ಪ್ರಭೇದಗಳ ಪ್ರೋಬಯಾಟಿಕ್ ಸೇವನೆಯನ್ನು ಪರಿಗಣಿಸಬಹುದು ಎಂಬಷ್ಟಕ್ಕೆ ಹೇಳಿ ನಿಲ್ಲಿಸಿದೆ. ಇತರ ಕ್ರಮಗಳಿಗೆ ಬದಲಿಯಾಗಿ ಅದನ್ನು ಸೂಚಿಸಿಲ್ಲ.

ಮ್ಯಾಡ್ರಿಡ್‌ನಲ್ಲಿ ಆರಂಭವಾದ ಸಂಶೋಧನೆ

ತಾಯಿಯ ಹಾಲು ಸೂಕ್ಷ್ಮಾಣುಗಳಿಲ್ಲದ ಪರಿಶುದ್ಧ ದ್ರವ ಎಂಬ ಭಾವನೆ ಹಿಂದೆ ಇತ್ತು. ಮ್ಯಾಡ್ರಿಡ್ ನಗರದ ಕಂಪ್ಲುಟೆನ್ಸೆ ವಿಶ್ವವಿದ್ಯಾಲಯದ ಹುವಾನ್ ಮಿಗೆಲ್ ರೋಡ್ರಿಗೆಜ್ ಮತ್ತು ಅವರ ಸಂಗಡಿಗರು 2003ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಆರೋಗ್ಯವಂತ ತಾಯಂದಿರ ಹಾಲಿನಲ್ಲಿ ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸುವ ಬ್ಯಾಕ್ಟೀರಿಯಾಗಳು ಇರುವುದನ್ನು ತೋರಿಸಿದರು. ಹಾಲನ್ನು ಮೊಸರಾಗಿಸುವ ಬ್ಯಾಕ್ಟೀರಿಯಾಗಳೂ ಇದೇ ಬಳಗಕ್ಕೆ ಸೇರಿದವು. ಇವು ಮಗುವಿನ ಕರುಳಿನಲ್ಲಿ ನೆಲೆಸುವ ಮೊದಲ ಸೂಕ್ಷ್ಮಾಣುಗಳಿಗೆ ಒಂದು ಮೂಲವೆಂದು ಅವರು ಪ್ರತಿಪಾದಿಸಿದರು.

ಹಾಲಿನಲ್ಲಿ ಇಂತಹ ಸೂಕ್ಷ್ಮಾಣುಗಳ ಸಮತೋಲನವಿದ್ದು, ಅದು ಕೆಟ್ಟಾಗ ಸ್ಟ್ಯಾಫಿಲೊಕಾಕಸ್ ಬಳಗ ಮೇಲುಗೈ ಪಡೆದು ಉರಿಯೂತ ಉಂಟಾಗುತ್ತದೆ ಎಂಬುದು ಅವರ ಮುಂದಿನ ತರ್ಕ. ಹಾಗಿದ್ದಲ್ಲಿ ತಾಯಿಯ ಹಾಲಿನಿಂದಲೇ ಪ್ರತ್ಯೇಕಿಸಿದ ಒಳ್ಳೆಯ ತಳಿಯನ್ನು ಬಾಯಿಯ ಮೂಲಕ ನೀಡಿ ಸಮತೋಲನವನ್ನು ಮರಳಿ ತರಬಹುದೇ? ನುಂಗಿದ ಸೂಕ್ಷ್ಮಾಣು ಕರುಳಿನಿಂದ ಸ್ತನವನ್ನು ತಲುಪುವ ಬಗೆ ಇನ್ನೂ ವಾದದ ವಿಷಯವಾಗಿದೆ. ಆದರೆ ಸೇವಿಸಿದ ತಳಿಯು ಕೆಲವು ತಾಯಂದಿರ ಹಾಲಿನಲ್ಲಿ ಪತ್ತೆಯಾದದ್ದನ್ನು ಈ ಸಂಶೋಧಕರು ದಾಖಲಿಸಿದ್ದಾರೆ.

ಪ್ರಯೋಗಗಳು ತಿಳಿಸಿದ್ದೇನು?

ಮೊದಲ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಉರಿಯೂತವಿದ್ದ 20 ಮಂದಿ ತಾಯಂದಿರನ್ನು ತಲಾ 10 ಮಂದಿಯ ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ತಾಯಿಯ ಹಾಲಿನಿಂದ ಪಡೆದ ಎರಡು ತಳಿಗಳನ್ನು ನಾಲ್ಕು ವಾರ ನೀಡಲಾಯಿತು. ಮತ್ತೊಂದಕ್ಕೆ ತಳಿಗಳಿಲ್ಲದ ಪುಡಿ. 14ನೆಯ ದಿನದ ಹೊತ್ತಿಗೆ ಮೊದಲ ಗುಂಪಿನಲ್ಲಿ ರೋಗಲಕ್ಷಣಗಳು ಕಾಣಲಿಲ್ಲ. ಎರಡನೆಯ ಗುಂಪಿನಲ್ಲಿ ಅವು ಮುಂದುವರಿದವು. ಫಲಿತಾಂಶ ಆಕರ್ಷಕವಾದರೂ 20 ಮಂದಿಯ ಲೆಕ್ಕ ಚಿಕ್ಕದು.

2010ರಲ್ಲಿ ಪ್ರಕಟವಾದ ಎರಡನೆಯ ಪ್ರಯೋಗ ದೊಡ್ಡದು. ಸೋಂಕಿನ ಉರಿಯೂತವಿದ್ದ 352 ತಾಯಂದಿರು ಇದರಲ್ಲಿದ್ದರು. ಒಂದು ಗುಂಪಿಗೆ ಲ್ಯಾಕ್ಟೊಬ್ಯಾಸಿಲಸ್ ಫರ್ಮೆಂಟಮ್ ಸಿ.ಇ.ಸಿ.ಟಿ. 5716, ಇನ್ನೊಂದಕ್ಕೆ ಲ್ಯಾಕ್ಟೊಬ್ಯಾಸಿಲಸ್ ಸ್ಯಾಲಿವೇರಿಯಸ್ ಸಿ.ಇ.ಸಿ.ಟಿ. 5713, ಮೂರನೆಯದಕ್ಕೆ ಆರೋಗ್ಯ ಕೇಂದ್ರದ ವೈದ್ಯರು ಬರೆದುಕೊಟ್ಟ ಆ್ಯಂಟಿಬಯಾಟಿಕ್. ಪ್ರೋಬಯಾಟಿಕ್ ಪ್ರಮಾಣ ದಿನಕ್ಕೆ ಸುಮಾರು 100 ಕೋಟಿ ಜೀವಂತ ಘಟಕಗಳು, ಅವಧಿ ಮೂರು ವಾರ. ಪ್ರೋಬಯಾಟಿಕ್ ಗುಂಪುಗಳು ಹೆಚ್ಚು ಸುಧಾರಿಸಿದವೆಂದು ವರದಿ ಹೇಳುತ್ತದೆ. ರೋಗ ಮರುಕಳಿಸಿದವರು ಆ್ಯಂಟಿಬಯಾಟಿಕ್ ಗುಂಪಿನಲ್ಲಿ ಸುಮಾರು ಶೇ. 30, ಉಳಿದೆರಡು ಗುಂಪುಗಳಲ್ಲಿ ಕ್ರಮವಾಗಿ ಶೇ. 10 ಮತ್ತು ಶೇ. 7ರ ಆಸುಪಾಸು.

ರೋಗ ಬಾರದಂತೆ ತಡೆಯುವ ದಿಕ್ಕಿನಲ್ಲಿಯೂ ಪ್ರಯೋಗಗಳು ನಡೆದವು. ಹಿಂದಿನ ಬಾಣಂತನದಲ್ಲಿ ಉರಿಯೂತ ಅನುಭವಿಸಿದ್ದ 108 ಗರ್ಭಿಣಿಯರ ಮೇಲಿನ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಗರ್ಭಧಾರಣೆಯ ಕೊನೆಯ ವಾರಗಳಲ್ಲಿ ಸ್ಯಾಲಿವೇರಿಯಸ್ ಪ್ರಭೇದದ ಪಿ.ಎಸ್. 2 ತಳಿಯನ್ನು ಸೇವಿಸಿದ 55 ಮಂದಿಯಲ್ಲಿ 14 ಮಂದಿಗೆ, ಸೇವಿಸದ 53 ಮಂದಿಯಲ್ಲಿ 30 ಮಂದಿಗೆ ಉರಿಯೂತ ಬಂದಿತು. 2017ರ ಇನ್ನೊಂದು ಅಧ್ಯಯನದಲ್ಲಿ ಹೆರಿಗೆಯ ವೇಳೆ ಆ್ಯಂಟಿಬಯಾಟಿಕ್ ಪಡೆದಿದ್ದ 625 ತಾಯಂದಿರು ಸೇರಿದರು. ಫರ್ಮೆಂಟಮ್ 5716 ತಳಿಯನ್ನು 16 ವಾರ ಸೇವಿಸಿದವರಲ್ಲಿ 16 ಮಂದಿಗೆ, ಮತ್ತೊಂದು ಗುಂಪಿನಲ್ಲಿ 30 ಮಂದಿಗೆ ಉರಿಯೂತ ಉಂಟಾಯಿತು.

ತಕ್ಕಡಿಯ ಇನ್ನೊಂದು ತಟ್ಟೆ

ಇಷ್ಟನ್ನು ಮಾತ್ರ ಓದಿದ ವರ್ತಕರಿಗೆ ಸರಕು ಸಿದ್ಧವಾಗಿದೆ, ಮಾರಾಟ ಮಾಡುವುದಷ್ಟೇ ಬಾಕಿ ಎನ್ನಿಸುವುದು ಸಹಜ. ಆದರೆ ಈ ಪ್ರಯೋಗಗಳ ಮಿತಿಯನ್ನೂ ಅಷ್ಟೇ ಎಚ್ಚರದಿಂದ ನೋಡಬೇಕಾಗಿದೆ.

2010ರ ಪ್ರಯೋಗದಲ್ಲಿ ಆ್ಯಂಟಿಬಯಾಟಿಕ್ ಪಡೆದವರು ಒಂದೇ ಔಷಧವನ್ನು ಒಂದೇ ಕ್ರಮದಲ್ಲಿ ಪಡೆದಿರಲಿಲ್ಲ. ಏನನ್ನೂ ಸೇವಿಸದ, ಅಥವಾ ಹುಸಿ ಪುಡಿಯನ್ನು ಸೇವಿಸಿದ ಗುಂಪು ಹೋಲಿಕೆಗೆ ಇರಲಿಲ್ಲ. ಉರಿಯೂತವು ಅನೇಕರಲ್ಲಿ ತಾನಾಗಿಯೇ ಇಳಿಯುವುದರಿಂದ, ಇಂತಹ ಗುಂಪಿಲ್ಲದೆ ಪ್ರೋಬಯಾಟಿಕ್‌ನ ಪಾಲು ಎಷ್ಟೆಂದು ಅಳೆಯುವುದು ಕಷ್ಟ. 2017ರ ಅಧ್ಯಯನಕ್ಕೆ ಸೇರಿದ 625 ಮಂದಿಯಲ್ಲಿ 16 ವಾರಗಳನ್ನು ಪೂರೈಸಿದವರು 291 ಮಂದಿ ಮಾತ್ರ. ಅರ್ಧಕ್ಕಿಂತ ಹೆಚ್ಚು ಮಂದಿ ನಡುವೆ ಬಿಟ್ಟುಹೋದ ಲೆಕ್ಕದಿಂದ ಲಾಭನಷ್ಟ ಪಟ್ಟಿ ತಯಾರಿಸಿದರೆ ಯಾವ ಲೆಕ್ಕಪರಿಶೋಧಕರೂ ಪ್ರಶ್ನೆ ಎತ್ತದೆ ಬಿಡಲಾರರು. ಅಲ್ಲದೆ ತಳಿಯ ಒಡೆತನವುಳ್ಳ ಗ್ರಾನಡಾ ನಗರದ ಬಯೋಸರ್ಚ್ ಸಂಸ್ಥೆಯವರು ಆ ಸಂಶೋಧಕರ ಸಾಲಿನಲ್ಲಿದ್ದರು. ಹಿತಾಸಕ್ತಿ ಇದ್ದಮಾತ್ರಕ್ಕೆ ಫಲಿತಾಂಶ ಸುಳ್ಳಾಗುವುದಿಲ್ಲ. ಆದರೆ ಹಿತಾಸಕ್ತಿಯಿಲ್ಲದವರು ಅದನ್ನು ಮತ್ತೊಮ್ಮೆ ಪರೀಕ್ಷಿಸಬೇಕಾದ ಅಗತ್ಯ ಹೆಚ್ಚುತ್ತದೆ. ಆ ಸಂಸ್ಥೆಯು 2021ರಲ್ಲಿ ಐರ್ಲೆಂಡಿನ ಕೆರಿ ಸಮೂಹದ ಪಾಲಾಯಿತು. ಸಂಶೋಧನೆಗೊಳಗಾದ ತಳಿಯೊಂದಕ್ಕೆ ಮಾರುಕಟ್ಟೆಯಲ್ಲಿ ಇರುವ ಬೆಲೆಯನ್ನು ಇದು ಸೂಚಿಸುತ್ತದೆ.

ಆಸ್ಟ್ರೇಲಿಯಾದಲ್ಲಿ ಈ ಬಗೆಯ ಸರಕು ಮಾರಾಟಕ್ಕೆ ಬಂದಾಗ, ಅಲ್ಲಿನ ಸಂಶೋಧಕಿ ಲೀಸಾ ಅಮೀರ್ ಮತ್ತು ಸಹಲೇಖಕರು 2016ರಲ್ಲಿ ಅದರ ಆಧಾರಗಳನ್ನು ವಿಮರ್ಶಿಸಿ, ಕಟ್ಟುನಿಟ್ಟಾದ ಪ್ರಯೋಗಗಳು ನಡೆಯುವವರೆಗೆ ಇದನ್ನು ತಾಯಂದಿರಿಗೆ ಪರಿಣಾಮಕಾರಿ ಎಂದು ಪ್ರಚಾರ ಮಾಡುವುದು ಸರಿಯಲ್ಲವೆಂದು ಬರೆದರು. ಮರುವರ್ಷ, 2017ರಲ್ಲಿ, ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಮುಂದೆ ಇದೇ 5716 ತಳಿಯ ಕುರಿತಾದ ಆರೋಗ್ಯ ಹೇಳಿಕೆ ಪರಿಶೀಲನೆಗೆ ಬಂದಿತು. ಹಾಲಿನಲ್ಲಿ ಸ್ಟ್ಯಾಫಿಲೊಕಾಕಸ್ ಪ್ರಮಾಣವನ್ನು ತಗ್ಗಿಸಿ ಉರಿಯೂತದ ಅಪಾಯವನ್ನು ಕಡಿಮೆ ಮಾಡುತ್ತದೆ ಎಂಬ ಆ ಹೇಳಿಕೆಗೆ ಕಾರ್ಯಕಾರಣ ಸಂಬಂಧ ಸ್ಥಾಪಿತವಾಗಿಲ್ಲವೆಂದು ಪ್ರಾಧಿಕಾರದ ತಜ್ಞರು ತೀರ್ಮಾನಿಸಿದರು.

ವಾಣಿಜ್ಯದ ದೃಷ್ಟಿಯಿಂದ ಅತಿ ಮುಖ್ಯವಾದ ಸಂಗತಿ 2020ರದು. ವೈದ್ಯಕೀಯ ಆಧಾರಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೋಕ್ರೇನ್ ಸಂಸ್ಥೆಯು ಆ ವರ್ಷ ಉರಿಯೂತದ ತಡೆಗೆ ಸಂಬಂಧಿಸಿದ 10 ಪ್ರಯೋಗಗಳನ್ನು, ಅವುಗಳಲ್ಲಿದ್ದ 3,034 ಮಹಿಳೆಯರ ಮಾಹಿತಿಯೊಡನೆ ಪರಿಶೀಲಿಸಿತು. ಪ್ರೋಬಯಾಟಿಕ್ ಸೇವನೆಯಿಂದ ಅಪಾಯ ಕಡಿಮೆಯಾಗಬಹುದು, ಆದರೆ ಈ ಆಧಾರದ ಖಚಿತತೆ ಕೆಳಮಟ್ಟದ್ದು ಎಂದು ಅದು ಹೇಳಿತು. ಪ್ರೋಬಯಾಟಿಕ್ ಕುರಿತ ಪ್ರಯೋಗಗಳಲ್ಲಿ ಅತಿ ದೊಡ್ಡದಾದ, 639 ಮಹಿಳೆಯರಿದ್ದ ಒಂದರ ಫಲಿತಾಂಶವು ಪರಿಶೀಲಕರಿಗೆ ದೊರೆಯಲಿಲ್ಲ. ಸರಕು ಪೂರೈಸಿದವರಿಗೂ ಪ್ರಯೋಗ ನಡೆಸಿದವರಿಗೂ ನಡುವೆ ಇದ್ದ ಕರಾರೇ ಅದಕ್ಕೆ ಕಾರಣವೆಂದು ವರದಿಯಲ್ಲಿ ದಾಖಲಾಗಿದೆ.

ವ್ಯಾಪಾರದಲ್ಲಿ ಗೋಪ್ಯತೆಯ ಕರಾರು ಹೊಸದೇನೂ ಅಲ್ಲ. ಆದರೆ ಆರೋಗ್ಯದ ಸರಕಿನಲ್ಲಿ ಪ್ರಯೋಗದ ಫಲಿತಾಂಶವೇ ಸರಕಿನ ಬೆಲೆಯನ್ನು ನಿರ್ಧರಿಸುತ್ತದೆ. ಗೆದ್ದ ಪ್ರಯೋಗವನ್ನು ಡಬ್ಬಿಯ ಮೇಲೆ ಮುದ್ರಿಸಿ, ಉಳಿದುದನ್ನು ಪೆಟ್ಟಿಗೆಯಲ್ಲಿಟ್ಟರೆ ಕೊಳ್ಳುವವರಿಗೆ ತೋರಿಸಿದ ತಕ್ಕಡಿ ಒಂದೇ ತಟ್ಟೆಯದಾಗುತ್ತದೆ. ಪ್ರಕಟವಾಗದ ಆ ಫಲಿತಾಂಶ ಅನುಕೂಲಕರವಾಗಿತ್ತೇ ಪ್ರತಿಕೂಲವಾಗಿತ್ತೇ ಎಂಬುದು ಇಲ್ಲಿ ಮುಖ್ಯವಲ್ಲ. ಅದು ಲೆಕ್ಕಕ್ಕೆ ಬಾರದಿದ್ದುದರಿಂದ ಇಡೀ ವರ್ಗದ ಸರಕುಗಳ ಮೇಲಿನ ವಿಶ್ವಾಸಕ್ಕೆ ಕುಂದುಂಟಾಯಿತು.

ತಳಿಯ ಗುರುತು

ಪ್ರೋಬಯಾಟಿಕ್ ಎಂಬುದು ಅಕ್ಕಿ ಎಂದಷ್ಟೇ ಹೇಳಿದಂತೆ. ಸೋನಾ ಮಸೂರಿಯನ್ನು ಬೇಡಿದವರಿಗೆ ಅಕ್ಕಿಯೆಂದು ಬೇರೆ ಯಾವುದನ್ನೋ ಅಳೆದುಕೊಡಲಾಗದು. ಸೂಕ್ಷ್ಮಾಣುಗಳಲ್ಲಿಯೂ ಕುಲ, ಪ್ರಭೇದ, ತಳಿ ಎಂಬ ಮೂರು ಮೆಟ್ಟಿಲುಗಳಿವೆ. ಲ್ಯಾಕ್ಟೊಬ್ಯಾಸಿಲಸ್ ಎಂಬುದು ಕುಲ, ಫರ್ಮೆಂಟಮ್ ಪ್ರಭೇದ, ಸಿ.ಇ.ಸಿ.ಟಿ. 5716 ಎಂಬುದು ತಳಿ. ಸಿ.ಇ.ಸಿ.ಟಿ. ಎಂದರೆ ವಲೆನ್ಸಿಯಾ ನಗರದಲ್ಲಿರುವ ಸ್ಪೇನಿನ ಸೂಕ್ಷ್ಮಾಣು ಸಂಗ್ರಹಾಲಯದ ಸಂಕ್ಷಿಪ್ತ ಹೆಸರು. ಸಂಖ್ಯೆಯು ವಾಹನದ ನೋಂದಣಿ ಸಂಖ್ಯೆಯಂತೆ. ನಮ್ಮ ದೇಶದಲ್ಲಿಯೂ ಚಂಡೀಗಢದಲ್ಲಿ ಮತ್ತು ಕರ್ನಾಲ್‌ನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ ಇಂತಹ ಸಂಗ್ರಹಾಲಯಗಳಿವೆ.

ಪ್ರಯೋಗ ನಡೆದದ್ದು ಈ ನೋಂದಾಯಿತ ತಳಿಗಳ ಮೇಲೆ. ಅದೇ ಪ್ರಭೇದದ ಬೇರೊಂದು ತಳಿಯನ್ನು ಅಗ್ಗವಾಗಿ ಕೊಂಡು, ಸ್ಪೇನಿನ ಪ್ರಯೋಗವನ್ನು ಅದರ ಡಬ್ಬಿಯ ಮೇಲೆ ಉಲ್ಲೇಖಿಸುವುದು ನ್ಯಾಯವಲ್ಲ. ತಳಿಯ ಸಂಖ್ಯೆ ನಮೂದಿಸದ ಸರಕಿಗೆ ಆ ಪ್ರಯೋಗಗಳ ಆಧಾರ ಅನ್ವಯಿಸುತ್ತದೆಂದು ಹೇಳಲಾಗದು.

ಇನ್ನೊಂದು ಗೊಂದಲವನ್ನೂ ಇಲ್ಲಿ ನಿವಾರಿಸಬೇಕು. 2020ರಲ್ಲಿ ವಿಜ್ಞಾನಿಗಳು ಲ್ಯಾಕ್ಟೊಬ್ಯಾಸಿಲಸ್ ಕುಲವನ್ನು 25 ಕುಲಗಳಾಗಿ ವಿಂಗಡಿಸಿದರು. ಅದರಂತೆ ಫರ್ಮೆಂಟಮ್ ಈಗ ಲಿಮೊಸಿಲ್ಯಾಕ್ಟೊಬ್ಯಾಸಿಲಸ್ ಕುಲಕ್ಕೂ, ಸ್ಯಾಲಿವೇರಿಯಸ್ ಲಿಜಿಲ್ಯಾಕ್ಟೊಬ್ಯಾಸಿಲಸ್ ಕುಲಕ್ಕೂ ಸೇರಿವೆ. ಹೆಸರು ಬದಲಾದರೂ ತಳಿಯ ಸಂಖ್ಯೆ ಬದಲಾಗಿಲ್ಲ. ಖರೀದಿಯ ಕಾಗದಪತ್ರಗಳಲ್ಲಿ ಹಳೆಯ ಹೆಸರು, ಡಬ್ಬಿಯಲ್ಲಿ ಹೊಸ ಹೆಸರು ಕಂಡರೆ ಸಂಖ್ಯೆಯನ್ನು ಹೋಲಿಸಿ ನೋಡತಕ್ಕದ್ದು.

ಹಾಗಾದರೆ ಮನೆಯ ಮೊಸರು ಸಾಲದೇ ಎಂದು ಕೇಳುವವರಿದ್ದಾರೆ. ಮೊಸರು ಉತ್ತಮ ಆಹಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೆಪ್ಪಿನಿಂದ ಹೆಪ್ಪಿಗೆ ಬದಲಾಗುವ ಅದರ ಸೂಕ್ಷ್ಮಾಣುಗಳ ತಳಿಯಾಗಲಿ ಪ್ರಮಾಣವಾಗಲಿ ಗೊತ್ತುಪಡಿಸಿದ್ದಲ್ಲ. ಮೇಲೆ ಹೇಳಿದ ಪ್ರಯೋಗಗಳಲ್ಲಿ ಪರೀಕ್ಷೆಗೆ ಒಳಗಾದದ್ದು ಮೊಸರಲ್ಲ.

ಜೀವಂತ ಸರಕಿನ ಲೆಕ್ಕ

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2001ರಲ್ಲಿ ನೀಡಿದ ವ್ಯಾಖ್ಯೆಯ ಸಾರವೆಂದರೆ, ತಕ್ಕ ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಪ್ರಯೋಜನ ನೀಡುವ ಜೀವಂತ ಸೂಕ್ಷ್ಮಾಣುಗಳೇ ಪ್ರೋಬಯಾಟಿಕ್. ಜೀವಂತ ಎಂಬ ಮಾತಿನಲ್ಲಿಯೇ ವರ್ತಕರ ಹೊಣೆ ಅಡಗಿದೆ. ಶೀತದಲ್ಲಿ ಒಣಗಿಸಿದ ಈ ಸೂಕ್ಷ್ಮಾಣುಗಳು ಶಾಖಕ್ಕೂ ತೇವಕ್ಕೂ ಸಿಕ್ಕಿ ದಿನೇ ದಿನೇ ಸಾಯುತ್ತವೆ. ಸತ್ತ ಮೇಲೂ ಪುಡಿಯ ಬಣ್ಣ, ತೂಕ, ವಾಸನೆ ಹಾಗೆಯೇ ಉಳಿಯುವುದರಿಂದ ನಷ್ಟ ಕಣ್ಣಿಗೆ ಬೀಳುವುದಿಲ್ಲ.

ಉದಾಹರಣೆಗೆ ಒಂದು ಊಹೆಯ ಲೆಕ್ಕ ಮಾಡೋಣ. ತಯಾರಿಕೆಯ ದಿನ ಕ್ಯಾಪ್ಸೂಲಿನಲ್ಲಿ 100 ಕೋಟಿ ಜೀವಂತ ಘಟಕಗಳಿದ್ದು, ತಿಂಗಳಿಗೆ ಶೇ. 10ರಂತೆ ನಾಶವಾದರೆ 18 ತಿಂಗಳ ಕೊನೆಗೆ ಉಳಿಯುವುದು ಸುಮಾರು 15 ಕೋಟಿ. ಉಗ್ರಾಣದ ಸೆಕೆಯಿಂದ ನಾಶದ ದರ ಶೇ. 20ಕ್ಕೇರಿದರೆ ಉಳಿಯುವುದು 2 ಕೋಟಿಗೂ ಕಡಿಮೆ. 18 ತಿಂಗಳ ಕೊನೆಯಲ್ಲಿಯೂ 100 ಕೋಟಿ ಇರಬೇಕಾದರೆ, ಶೇ. 10ರ ದರದಲ್ಲಿಯೇ, ಆರಂಭದಲ್ಲಿ ಸುಮಾರು 666 ಕೋಟಿ ತುಂಬಿಸಬೇಕಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳ ಕಡೆಗೆ ಸಾಮಾನ್ಯ ಲಾರಿಯಲ್ಲಿ ಸರಕು ಕಳುಹಿಸುವವರು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ‘ತಯಾರಿಕೆಯ ಸಮಯದಲ್ಲಿ ಇಷ್ಟು’ ಎಂಬ ಮುದ್ರಣಕ್ಕೂ ‘ಬಳಕೆಯ ಅವಧಿ ಮುಗಿಯುವವರೆಗೆ ಇಷ್ಟು’ ಎಂಬ ಮುದ್ರಣಕ್ಕೂ ಇರುವ ಅಂತರ ಬಹು ದೊಡ್ಡದು.

ನಮ್ಮ ಕಾನೂನಿನ ಚೌಕಟ್ಟು

ಭಾರತದಲ್ಲಿ ಪ್ರೋಬಯಾಟಿಕ್‌ಗಳು ಎರಡು ದಾರಿಗಳಲ್ಲಿ ಮಾರುಕಟ್ಟೆಗೆ ಬರುತ್ತವೆ. ರೋಗವನ್ನು ಗುಣಪಡಿಸುತ್ತದೆಂದು ಹೇಳಿ ಮಾರುವ ಸರಕಿಗೆ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆ ಅನ್ವಯಿಸುತ್ತದೆ. ಆಹಾರವಾಗಿ ಮಾರುವುದಾದರೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯೂ, ಅದರಡಿ 2016ರಲ್ಲಿ ಅಧಿಸೂಚಿಸಲಾದ ಪೂರಕ ಆಹಾರಗಳ ನಿಯಮಾವಳಿಯೂ, ಅದರ ಮುಂದಿನ ಪರಿಷ್ಕರಣೆಗಳೂ ಅನ್ವಯಿಸುತ್ತವೆ. 2016ರ ನಿಯಮಾವಳಿಯು ಬಳಸಬಹುದಾದ ಸೂಕ್ಷ್ಮಾಣುಗಳ ಪಟ್ಟಿಯನ್ನು ನೀಡಿ, ದಿನದ ಸೇವನೆಯಲ್ಲಿ ಸಾಮಾನ್ಯವಾಗಿ 10 ಕೋಟಿ ಜೀವಂತ ಘಟಕಗಳಾದರೂ ಇರಬೇಕೆಂದು ಗೊತ್ತುಪಡಿಸಿತು. ಇದಕ್ಕೂ ಮೊದಲು, 2011ರಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಒಟ್ಟಾಗಿ ಹೊರಡಿಸಿದ ಮಾರ್ಗಸೂಚಿಯೂ ತಳಿಯ ಗುರುತಿಗೆ ಒತ್ತು ನೀಡಿತ್ತು.

ಇಲ್ಲೊಂದು ಸೂಕ್ಷ್ಮವಿದೆ. ಕಾನೂನಿನ ಕನಿಷ್ಠ ಮಿತಿ 10 ಕೋಟಿ; 2010ರ ಪ್ರಯೋಗದಲ್ಲಿ ನೀಡಿದ ಪ್ರಮಾಣ ಅದರ ಹತ್ತು ಪಟ್ಟು. ಮೇಲಿನ ಉದಾಹರಣೆಯಲ್ಲಿ 15 ಕೋಟಿ ಉಳಿದ ಕ್ಯಾಪ್ಸೂಲು ಆ ಕನಿಷ್ಠ ಮಿತಿಯೊಳಗೆ ಸರಿಯಾಗಿಯೇ ಇದೆ, ಆದರೆ ಪ್ರಯೋಗದಲ್ಲಿ ಪರೀಕ್ಷಿಸಿದ ಸರಕು ಅದಲ್ಲ. ಪರವಾನಗಿ ದೊರೆತಿದೆ ಎಂಬುದರಿಂದ ಪರಿಣಾಮ ಸಿದ್ಧವಾಗಿದೆ ಎಂದು ಅರ್ಥೈಸಬಾರದು.

ಆಹಾರವಾಗಿ ಮಾರುವ ಪೂರಕದ ಡಬ್ಬಿಯ ಮೇಲೆ ‘ಔಷಧೀಯ ಬಳಕೆಗಾಗಿ ಅಲ್ಲ’ ಎಂಬ ಅರ್ಥದ ಒಕ್ಕಣೆ ಇರಬೇಕು. ಆ ಒಕ್ಕಣೆಯ ಪಕ್ಕದಲ್ಲಿಯೇ ‘ಸ್ತನದ ಉರಿಯೂತಕ್ಕೆ ಚಿಕಿತ್ಸೆ’ ಎಂದು ಮುದ್ರಿಸಿದರೆ ಡಬ್ಬಿಯೇ ತನ್ನ ವಿರುದ್ಧ ಸಾಕ್ಷಿ ನುಡಿದಂತೆ. ತಪ್ಪುದಾರಿಗೆಳೆಯುವ ಜಾಹೀರಾತಿಗೆ 2006ರ ಕಾಯ್ದೆಯ 53ನೆಯ ಕಲಮು 10 ಲಕ್ಷ ರೂಪಾಯಿಗಳವರೆಗೆ ದಂಡವನ್ನು ಹೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ತಯಾರಕರು ನೀಡದ ಭರವಸೆಯನ್ನು ಮಾರಾಟಗಾರರು ತಾವಾಗಿಯೇ ನೀಡಿ, ಸರಕು ಅದರಂತೆ ಇಲ್ಲದೆ ಹಾನಿಯಾದರೆ, ಹೊಣೆ ಮಾರಾಟಗಾರರ ಮೇಲೆಯೇ ಬರಬಹುದು. ಗಲ್ಲಾಪೆಟ್ಟಿಗೆಯ ಬಳಿ ಸಹಾಯಕರು ಹೇಳುವ ಮಾತಿಗೂ ಬೆಲೆಯಿದೆ ಎಂಬುದನ್ನು ಚಿಲ್ಲರೆ ವರ್ತಕರು ಗಮನಿಸಬೇಕು. ನೋವಿನಿಂದ ಹಾಲುಣಿಸುವುದನ್ನು ನಿಲ್ಲಿಸಿದ ತಾಯಿಗೆ ಹಾಲಿನ ಪುಡಿಯ ಡಬ್ಬಿಯನ್ನು ಮುಂದೊಡ್ಡಿ ಪ್ರಚಾರ ಮಾಡುವುದನ್ನು 1992ರ ಶಿಶು ಹಾಲು ಬದಲಿಗಳ ಕಾಯ್ದೆ ಹಾಗೂ ಅದರ 2003ರ ತಿದ್ದುಪಡಿ ನಿಷೇಧಿಸಿವೆ.

ಅಂಗಡಿಗೆ ಬಂದವರಿಗೆ ಹೇಳಬೇಕಾದ್ದು

ಇಂತಹ ಸರಕನ್ನು ಕೇಳಿಕೊಂಡು ಅಂಗಡಿಗೆ ಬರುವವರು ಹೆಚ್ಚಾಗಿ ಬಾಣಂತಿಯ ಗಂಡ, ತಾಯಿ ಅಥವಾ ಅತ್ತೆ. ಅವರಿಗೆ ಮೊದಲು ಕೇಳಬೇಕಾದ ಪ್ರಶ್ನೆ ವೈದ್ಯರನ್ನು ಕಂಡಿರುವಿರಾ ಎಂಬುದು. ಹೆಚ್ಚು ಜ್ವರ, ಒಂದು ದಿನ ಕಳೆದರೂ ಇಳಿಯದ ನೋವು, ಹರಡುತ್ತಿರುವ ಕೆಂಪು, ಮುಟ್ಟಿದರೆ ಸಿಗುವ ಗಡ್ಡೆ, ಹಾಲಿನಲ್ಲಿ ಕೀವು, ಇವುಗಳಲ್ಲಿ ಯಾವುದಿದ್ದರೂ ಕ್ಯಾಪ್ಸೂಲು ಕೊಟ್ಟು ಕಳುಹಿಸದೆ ಆಸ್ಪತ್ರೆಗೆ ಹೋಗಲು ಹೇಳುವುದೇ ಸರಿ. ವೈದ್ಯರು ಆ್ಯಂಟಿಬಯಾಟಿಕ್ ಬರೆದಿದ್ದರೆ ಅದರ ಬದಲಿಗೆ ಪ್ರೋಬಯಾಟಿಕ್ ನೀಡಕೂಡದು. ಸಾಮಾನ್ಯವಾಗಿ ಹಾಲುಣಿಸುವುದನ್ನು ನಿಲ್ಲಿಸಬೇಕಾಗಿಲ್ಲ ಎಂಬ ಮಾತನ್ನೂ ತಿಳಿಸಬಹುದು. ತಟ್ಟನೆ ನಿಲ್ಲಿಸುವುದರಿಂದ ತೊಂದರೆ ಹೆಚ್ಚುವುದುಂಟು.

ಆರೋಗ್ಯವಂತ ತಾಯಂದಿರಿಗೆ ಈ ತಳಿಗಳು ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಒಗ್ಗಿವೆ. ಆದರೆ ರೋಗನಿರೋಧಕ ಶಕ್ತಿ ಕುಂದಿದವರ ಹಾಗೂ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ವಿಷಯ ಬೇರೆ. ಆಸ್ಪತ್ರೆಯಲ್ಲಿರುವ ಅಂತಹ ಶಿಶುಗಳಿಗೆ ನೇರವಾಗಿ ಪ್ರೋಬಯಾಟಿಕ್ ನೀಡುವುದರ ಅಪಾಯದ ಕುರಿತು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2023ರಲ್ಲಿ ಎಚ್ಚರಿಕೆ ನೀಡಿದೆ. ತಾಯಿಗೆಂದು ತಂದ ಪುಡಿಯನ್ನು ಮಗುವಿಗೂ ಕೊಡಬಹುದೇ ಎಂದು ಕೇಳಿದರೆ ಉತ್ತರಿಸಬೇಕಾದವರು ವೈದ್ಯರೇ.

ಕಾರ್ಖಾನೆಯ ಮಾಲೀಕರ ಪಾತ್ರ

ಸಣ್ಣ ಉದ್ದಿಮೆದಾರರು ಈ ವಿಷಯದಲ್ಲಿ ಮಾಲೀಕರಾಗಿಯೂ ಪಾಲುದಾರರು. ಸಿದ್ಧ ಉಡುಪಿನಂತಹ ಉದ್ಯಮಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಮಹಿಳೆಯರು. ಹೆರಿಗೆ ರಜೆ ಮುಗಿಸಿ ಬಂದ ತಾಯಿ ಪಾಳಿಯುದ್ದಕ್ಕೂ ಬಿಡುವಿಲ್ಲದೆ ಕುಳಿತರೆ ಹಾಲು ತುಂಬಿ ಸ್ತನ ಬಿಗಿದು ಉರಿಯೂತಕ್ಕೆ ದಾರಿಯಾಗುತ್ತದೆ. ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಹಾಲುಣಿಸುವ ಬಿಡುವುಗಳನ್ನು 1961ರ ಹೆರಿಗೆ ಸೌಲಭ್ಯ ಕಾಯ್ದೆ ನೀಡಿತ್ತು. 2017ರ ತಿದ್ದುಪಡಿಯು ರಜೆಯನ್ನು 26 ವಾರಗಳಿಗೆ ಹೆಚ್ಚಿಸಿ, 50 ಅಥವಾ ಹೆಚ್ಚು ಉದ್ಯೋಗಿಗಳಿರುವಲ್ಲಿ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಅಂಶಗಳು ಉಳಿದಿವೆ. ಕೇಂದ್ರವಿರಲಿ ಇಲ್ಲದಿರಲಿ, ಬಾಗಿಲು ಮುಚ್ಚಬಹುದಾದ ಒಂದು ಕೋಣೆ, ಒಂದು ಕುರ್ಚಿ ಮತ್ತು ಸಕಾಲದ ಬಿಡುವು ಇವುಗಳಿಗೆ ತಗಲುವ ವೆಚ್ಚ ಅತ್ಯಲ್ಪ. ನುರಿತ ಕೆಲಸಗಾರ್ತಿ ವಾರಗಟ್ಟಲೆ ಗೈರುಹಾಜರಾಗುವುದಕ್ಕೆ ಹೋಲಿಸಿದರೆ ಲಾಭ ಸ್ಪಷ್ಟ.

ಸದಸ್ಯರ ಗಮನಕ್ಕೆ

ಈ ವರ್ಗದ ಸರಕನ್ನು ತಯಾರಿಸುವ ಅಥವಾ ಮಾರುವ ಸದಸ್ಯರು ಕೆಳಗಿನ ಅಂಶಗಳನ್ನು ಪಾಲಿಸುವುದು ಒಳಿತು.

1. ಕುಲ, ಪ್ರಭೇದಗಳ ಜೊತೆಗೆ ತಳಿಯ ಸಂಖ್ಯೆಯೂ ಇರುವ ಸರಕನ್ನೇ ಕೊಳ್ಳಬೇಕು. ಅದು ನಿಯಮಾವಳಿಯ ಪಟ್ಟಿಯಲ್ಲಿದೆಯೇ ಎಂದು ಪರಿಶೀಲಿಸಬೇಕು.

2. ಪೂರೈಕೆದಾರರು ತೋರಿಸುವ ಪ್ರಯೋಗ ಅದೇ ತಳಿಯ ಮೇಲೆ, ಅದೇ ಪ್ರಮಾಣದಲ್ಲಿ ನಡೆದದ್ದೇ ಎಂದು ಕೇಳಬೇಕು. ಪ್ರಕಟವಾಗದ ಪ್ರಯೋಗಗಳಿವೆಯೇ ಎಂಬುದನ್ನೂ ಕೇಳತಕ್ಕದ್ದು.

3. ಬಳಕೆಯ ಅವಧಿಯ ಕೊನೆಯಲ್ಲಿ ಎಷ್ಟು ಜೀವಂತ ಘಟಕಗಳು ಉಳಿಯುತ್ತವೆ ಎಂಬುದಕ್ಕೆ ಪ್ರಯೋಗಾಲಯದ ವರದಿಯನ್ನು ಪಡೆಯಬೇಕು.

4. ಸಾಗಣೆ ಮತ್ತು ಉಗ್ರಾಣದ ಉಷ್ಣಾಂಶವನ್ನು ದಾಖಲಿಸಬೇಕು. ತೇವ ತಾಗದ ಪೊಟ್ಟಣವನ್ನೇ ಬಳಸಬೇಕು.

5. ಆಹಾರವೆಂದು ಪರವಾನಗಿ ಪಡೆದ ಸರಕಿಗೆ ಚಿಕಿತ್ಸೆಯ ಹೇಳಿಕೆಯನ್ನು ಡಬ್ಬಿಯಲ್ಲಾಗಲಿ ಕರಪತ್ರದಲ್ಲಾಗಲಿ ಬಾಯಿಮಾತಿನಲ್ಲಾಗಲಿ ನೀಡಬಾರದು.

6. ಪ್ರಯೋಗಕ್ಕೆ ಹಣ ಒದಗಿಸುವ ಉದ್ಯಮಿಗಳು, ಫಲಿತಾಂಶ ಏನೇ ಬಂದರೂ ಪ್ರಕಟಿಸಲು ಅವಕಾಶವಿರುವಂತೆ ಕರಾರನ್ನು ಬರೆಯಿಸಬೇಕು.

ಸ್ಪೇನಿನ ಸಂಶೋಧನೆ ಭರವಸೆ ಮೂಡಿಸುವಂಥದ್ದು. ಮುಂದೆ ನಡೆಯುವ ದೊಡ್ಡ ಪ್ರಯೋಗಗಳು ಅದನ್ನು ಪುಷ್ಟೀಕರಿಸಬಹುದು, ತಿದ್ದಲೂಬಹುದು. ಅಲ್ಲಿಯವರೆಗೆ, ನಿರ್ದಿಷ್ಟ ತಳಿಗಳು ವೈದ್ಯರ ಆರೈಕೆಯ ಜೊತೆಯಲ್ಲಿ ಕೆಲವರಿಗೆ ನೆರವಾಗಬಹುದು ಎಂಬಷ್ಟನ್ನೇ ಪ್ರಾಮಾಣಿಕವಾಗಿ ಹೇಳಬಹುದು. ಅಷ್ಟನ್ನೇ ಹೇಳಿ ಮಾರುವವರ ವಹಿವಾಟು ಮೊದಲ ವರ್ಷ ತುಸು ಕಡಿಮೆಯಾಗಬಹುದು. ಆದರೆ ತಾಯಿ ಮಗುವಿನ ಆರೋಗ್ಯದ ವಿಷಯದಲ್ಲಿ ಒಮ್ಮೆ ಮೋಸಹೋದ ಮನೆಯವರು ಆ ಅಂಗಡಿಯ ಮೆಟ್ಟಿಲನ್ನು ಮತ್ತೆ ಹತ್ತುವುದಿಲ್ಲವೆಂಬುದು ಅನುಭವವುಳ್ಳ ಪ್ರತಿಯೊಬ್ಬ ವರ್ತಕರಿಗೂ ಗೊತ್ತಿರುವ ಸಂಗತಿ.